ಕಿರುನಾಲಿಗೆ ಎತ್ತುವ ಮನೆ

ನಾನು ನಿವೃತ್ತಿಯಾದ ದಿನ ಕೊರಳಿಗೆ ಹಾರ ಹಾಕಿ ಭಾಷಣ ಮಾಡಿದವರೆಲ್ಲ ನನ್ನನ್ನು ಸಹನಾಮೂರ್ತಿ ಅಂದರು. ಕೈಯಲ್ಲಿ ಹಣ್ಣಿನ ತಟ್ಟೆ ಇತ್ತು, ಅದಕ್ಕೆ ಸುಮ್ಮನಿದ್ದೆ. ಸಹನೆ ನನಗೆ ಯಾವತ್ತೂ ಇರಲಿಲ್ಲ. ಇದ್ದದ್ದು ಸಿಟ್ಟು, ಮತ್ತು ಅದನ್ನು ನುಂಗಿಕೊಂಡು ಮುಂದಿನ ಬಸ್ಸು ಹತ್ತುವ ಅಭ್ಯಾಸ. ಈಗ ಯಾವ ಬಸ್ಸೂ ಹಿಡಿಯಬೇಕಾಗಿಲ್ಲ, ಹಾಗಾಗಿ ನುಂಗುವ ಅಗತ್ಯವೂ ಇಲ್ಲ.

ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಕಾಫಿ ಕುಡಿದು, 'ನಿಮ್ಮ ಕಾಲದಲ್ಲಿ ಹೇಗಿತ್ತು ಮೇಡಂ, ಏನಾದರೂ ಹೇಳಿ' ಅನ್ನುತ್ತಾರೆ. ಅವರು ಕಾಯುವುದು ಕಷ್ಟದ ಹೆರಿಗೆಯ ಕಥೆಗೆ. ಹೆರಿಗೆಯ ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುವುದು ಒಂದು ಕೆಮ್ಮಿನ ವಿಷಯ. ಕೆಮ್ಮಾ ಅಂತ ಮೂಗು ಮುರಿಯಬೇಡಿ. ನನ್ನ ಇಡೀ ಸರ್ವೀಸಿನ ಸಿಟ್ಟು ಆ ಕೆಮ್ಮಿನಲ್ಲಿದೆ.

ಆಗ ನಾನಿದ್ದದ್ದು ತುರುವೇಕೆರೆ ತಾಲ್ಲೂಕಿನಲ್ಲಿ, ದಂಡಿನಶಿವರದಿಂದ ಒಳಕ್ಕೆ ನಡೆದು ಹೋಗಬೇಕಾದ ಒಂದು ಊರಿನಲ್ಲಿ. ಎಪ್ಪತ್ತರ ದಶಕದ ನಡುಭಾಗ. ಊರಿನ ಹೆಸರು ಬೇಡ, ಆ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಸರ್ಕಾರ ನನಗೆ ಕೊಟ್ಟಿದ್ದು ಒಂದು ಚೀಲ, ಸಿರಿಂಜು ಕುದಿಸುವ ಒಂದು ಸ್ಟೀಲ್ ಡಬ್ಬಿ, ಮತ್ತು ತಿಂಗಳಿಗೆ ಇಂತಿಷ್ಟು ಸಂತಾನಹರಣದ ಆಪರೇಷನ್ ಕೇಸು ತರಬೇಕು ಅನ್ನುವ ಆಜ್ಞೆ. ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಊರಿಗೆಲ್ಲ ನಾನು ನರ್ಸಮ್ಮ.

ಆದರೆ ಆ ಊರಿನ ದೊಡ್ಡ ಡಾಕ್ಟರು ನಾನಲ್ಲ, ತೋಟದ ಮನೆಯ ರುದ್ರಮ್ಮ. ಆಕೆ ಕಿರುನಾಲಿಗೆ ಎತ್ತುತ್ತಿದ್ದಳು. ಮಗು ಕೆಮ್ಮಿದರೆ, ಹಾಲು ಬಿಟ್ಟರೆ, ರಚ್ಚೆ ಹಿಡಿದರೆ, ಗಂಟಲಿನ ಕೊನೆಯಲ್ಲಿ ನೇತಾಡುವ ಕಿರುನಾಲಿಗೆ ಕೆಳಕ್ಕೆ ಬಿದ್ದಿದೆ ಅಂತ ಜನ ನಂಬಿದ್ದರು. ಬಿದ್ದದ್ದನ್ನು ಎತ್ತಬೇಕಲ್ಲ. ಬೆಳಿಗ್ಗೆ ಬಾಯಿ ಮುಕ್ಕಳಿಸುವ ಮೊದಲೇ ಸುತ್ತಲ ಊರುಗಳಿಂದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದು ಆಕೆಯ ಜಗಲಿಯಲ್ಲಿ ಕೂರುತ್ತಿದ್ದರು. ರುದ್ರಮ್ಮ ಬಲಗೈ ಹೆಬ್ಬೆರಳನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಮೆಣಸಿನ ಪುಡಿಗೆ ಒತ್ತಿ, ಇಬ್ಬರಿಂದ ಮಗುವಿನ ಕೈಕಾಲು ಹಿಡಿಸಿ, ಬೆರಳನ್ನು ಗಂಟಲಿನ ತನಕ ತೂರಿಸಿ ಮೇಲಕ್ಕೆ ಒತ್ತುತ್ತಿದ್ದಳು. ಇನ್ನೊಂದು ಕೈಯಲ್ಲಿ ನೆತ್ತಿಯ ಕೂದಲನ್ನು ಗಬಕ್ಕನೆ ಮೇಲಕ್ಕೆ ಎಳೆಯುತ್ತಿದ್ದಳು. ಮಗು ಕಿಟಾರನೆ ಕಿರುಚುತ್ತಿತ್ತು. ಕಿರುಚಿದರೆ ಕಿರುನಾಲಿಗೆ ಎದ್ದಿತು ಅಂತ ಅರ್ಥ. ಆಕೆ ಇದಕ್ಕೆ ಎಲೆ ಅಡಿಕೆ ಬಿಟ್ಟು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆ ಕೈಗುಣ ಆಕೆಗೆ ಅತ್ತೆಯಿಂದ ಬಂದದ್ದು, ಮುಂದೆ ಸೊಸೆಗೆ ಹೋಗಬೇಕಾದದ್ದು.

ಸಾಮಾನ್ಯ ನೆಗಡಿಯ ಮಗುವಿಗೆ ಈ ಹಿಂಸೆಯಿಂದ ಗಂಟಲು ಗೀರುವುದು ಬಿಟ್ಟರೆ ಹೆಚ್ಚಿನದೇನೂ ಆಗುತ್ತಿರಲಿಲ್ಲ. ಅದಕ್ಕೇ ಯಾರಿಗೂ ಹೆದರಿಕೆ ಇರಲಿಲ್ಲ. ಹೆದರಬೇಕಾದದ್ದು ಬೇರೆ ಒಂದು ಕಾಯಿಲೆಗೆ.

ಅದರ ಹೆಸರು ಕ್ರೂಪ್. ನನಗೆ ಕಲಿಸಿದ್ದು ನಮ್ಮ ಆಸ್ಪತ್ರೆಯ ಡಾಕ್ಟರಮ್ಮ. ಖಾದಿ ಸೀರೆ, ದಪ್ಪ ಕನ್ನಡಕ, ಬೈದರೆ ಚಪ್ಪಲಿ ಬಿಟ್ಟ ಜಾಗದಲ್ಲೇ ಅಳು ಬರಬೇಕು, ಅಂಥ ಬೈಗುಳ. ಆದರೆ ಕಲಿಸುವಾಗ ಏನನ್ನೂ ಬಚ್ಚಿಡುತ್ತಿರಲಿಲ್ಲ. ಒಂದು ಸಲ ಆಸ್ಪತ್ರೆಗೆ ಅಂಥ ಮಗು ಬಂದಾಗ ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಮಗು ಕೆಮ್ಮಿದರೆ ನಾಯಿ ಬೊಗಳಿದ ಸದ್ದು. ಉಸಿರು ಒಳಕ್ಕೆ ಎಳೆದುಕೊಂಡಾಗ ಎಣ್ಣೆ ಕಾಣದ ಬಾವಿ ರಾಟೆಯ ಕೀರಲು. ದನಿ ಬಿದ್ದುಹೋಗಿತ್ತು.

'ಕೇಳಿಸ್ಕೊ' ಅಂದರು. 'ನೆಗಡಿ ಥರ ಶುರುವಾಗುತ್ತೆ, ಕತ್ತಲಾದ ಮೇಲೆ ಜೋರಾಗುತ್ತೆ, ಬೆಳಗಾದರೆ ಇಳಿಯುತ್ತೆ. ಧ್ವನಿಪೆಟ್ಟಿಗೆ ಹತ್ತಿರ ಊದಿಕೊಂಡು ದಾರಿ ಸಣ್ಣದಾಗಿದೆ. ಮಗು ಅತ್ತಷ್ಟೂ ಇನ್ನೂ ಸಣ್ಣದಾಗುತ್ತೆ. ಅದಕ್ಕೆ ಮೊದಲನೇ ಔಷಧಿ ಏನು ಹೇಳು.'

ನಾನು ಯಾವುದೋ ಸಿರಪ್ಪಿನ ಹೆಸರು ಹೇಳಿದೆ.

'ನಿನ್ನ ತಲೆ. ಅಳಿಸದೆ ಇರೋದು. ತಾಯಿ ತೊಡೆ ಮೇಲೆ ನೆಟ್ಟಗೆ ಕೂರಿಸು. ಮಲಗಿಸಬೇಡ. ಸುತ್ತ ನಿಂತಿರೋ ಜನಾನ ಆಚೆ ಕಳಿಸು. ನೀನೂ ಕೂತ್ಕೊ, ನೀನು ನಿಂತಿದ್ದರೆ ತಾಯಿಗೆ ಗಾಬರಿ, ತಾಯಿಗೆ ಗಾಬರಿಯಾದರೆ ಮಗುಗೆ ಗಾಬರಿ. ಹಬೆ ಕೊಡು. ತುಟಿ ನೀಲಿ ಆದರೆ, ಪಕ್ಕೆ ಒಳಕ್ಕೆ ಸೆಳೆದುಕೊಳ್ಳೋದು ನಿಲ್ಲದಿದ್ದರೆ, ಜೊಲ್ಲು ನುಂಗೋಕಾಗದೆ ಸುರಿಸ್ತಿದ್ದರೆ ಮನೇಲಿ ಇಟ್ಕೋಬೇಡ, ತಿಪಟೂರಿನ ದೊಡ್ಡಾಸ್ಪತ್ರೆಗೆ ಹೊರಡು. ಇನ್ನೊಂದು. ಪ್ರಾಣ ಹೋದರೂ ಅದರ ಗಂಟಲಿಗೆ ಏನೂ ಹಾಕಬೇಡ. ಬೆರಳೂ ಬೇಡ, ಚಮಚಾನೂ ಬೇಡ.'

ಯಾಕೆ ಅಂತ ಕೇಳಿದೆ. ಗಂಟಲು ಕೆರಳಿದರೆ ಉಳಿದ ಸಣ್ಣ ದಾರಿಯೂ ಮುಚ್ಚಿಕೊಳ್ಳಬಹುದು ಅಂದರು. ಇದು ನನ್ನ ಬುದ್ಧಿವಂತಿಕೆಯಲ್ಲ, ಅವರ ಪುಸ್ತಕದಲ್ಲಿದ್ದ ಮಾತು. ಅವರು ಹೇಳಿದರು, ನಾನು ಕೇಳಿಸಿಕೊಂಡೆ, ಅಷ್ಟೇ.

ಈ ಮಾತು ಕೇಳಿದ ಮೇಲೆ ನನಗೆ ರುದ್ರಮ್ಮನ ಹೆಬ್ಬೆರಳು ಕಣ್ಣಿಗೆ ಕಟ್ಟಿತು. ಊರಿಗೆ ಬಂದವಳೇ ಆಕೆಯ ಮನೆಗೆ ಹೋದೆ. ಆ ಮನೆಯನ್ನೂ ಹೇಳಬೇಕು. ನಡುಮನೆಯ ಮೇಲೆ ಅಟ್ಟ, ಅಟ್ಟದ ತುಂಬ ಸುಲಿಯದ ಕಾಯಿ. ವರ್ಷವಿಡೀ ಅಲ್ಲೇ ಒಣಗಿ ಒಳಗೆ ಉಂಡೆ ಕೊಬ್ಬರಿಯಾಗಬೇಕು. ಶೀತ ಹತ್ತದಿರಲಿ ಅಂತ ಕೆಳಗಿನ ಒಲೆಯಲ್ಲಿ ಮಟ್ಟೆ, ಕರಟದ ಹೊಗೆ ಆಡುತ್ತಲೇ ಇರುತ್ತಿತ್ತು. ಮಕ್ಕಳಿಗೆ ಕೆಮ್ಮು ಬಂದರೆ ಬೆಚ್ಚಗಿರಲಿ ಅಂತ ಅದೇ ಹೊಗೆಯಲ್ಲಿ, ಬಾಗಿಲು ಮುಚ್ಚಿ ಮಲಗಿಸುತ್ತಿದ್ದರು. ಕಾಯಿಗೂ ಮಗುವಿಗೂ ಒಂದೇ ಉಪಚಾರ.

ರುದ್ರಮ್ಮ ನನ್ನ ಮಾತನ್ನು ಪೂರ್ತಿ ಕೇಳಿದಳು. ಆಮೇಲೆ ಎಲೆಗೆ ಸುಣ್ಣ ಸವರುತ್ತಾ, 'ನಿನ್ಗೆಷ್ಟು ಮಕ್ಳವ್ವ?' ಅಂದಳು.

ನನಗೆ ಮದುವೆಯಾಗಿರಲಿಲ್ಲ.

'ಹಂಗಾರೆ ಬುಡು. ನಾನು ಎತ್ತಿರೋ ಮಕ್ಳು ಇವತ್ತು ಗಾಡಿ ಹೊಡೀತಾವ್ರೆ. ನೀನು ಸೂಜಿ ಚುಚ್ಚು, ನಿನ್ ಕೆಲ್ಸ ಅದು. ಇದು ನಂದು.'

ಜಗಲಿಯಲ್ಲಿದ್ದ ಹೆಂಗಸರು ಮುಸಿಮುಸಿ ನಕ್ಕರು. ಬಾಗಿಲ ಹಿಂದೆ ಸೊಸೆ ಗಿರಿಜಾ ನಿಂತಿದ್ದಳು, ಕಂಕುಳಲ್ಲಿ ಚೊಚ್ಚಲ ಮಗ ನಂಜುಂಡಿ. ಅವಳು ನಗಲಿಲ್ಲ. ಮಗುವಿಗೆ ಆಗಷ್ಟೇ ನಡಿಗೆ ಬಂದಿತ್ತು, ನನ್ನ ಚೀಲದ ಕೊಂಡಿಗೆ ಕೈ ಚಾಚುತ್ತಿತ್ತು.

ಆ ಚಳಿಗಾಲ ಮುಗಿಯುವುದರೊಳಗೆ ನಂಜುಂಡಿ ತೀರಿಕೊಂಡ. ಅವತ್ತು ನಾನು ಊರಲ್ಲಿರಲಿಲ್ಲ. ಪಟ್ಟಣದಲ್ಲಿ ಆಪರೇಷನ್ ಕ್ಯಾಂಪು, ಸುತ್ತಲಿನ ನರ್ಸುಗಳನ್ನೆಲ್ಲ ಅಲ್ಲಿಗೆ ಎಳೆದುಕೊಂಡು ಹೋಗಿದ್ದರು. ನಾನು ಹೆಂಗಸರನ್ನು ಸಾಲಾಗಿ ಕೂರಿಸಿ ಹೆಬ್ಬೆಟ್ಟು ಒತ್ತಿಸುತ್ತಿದ್ದೆ. ತಿರುಗಿ ಬಂದಾಗ ಮಣ್ಣು ಮಾಡಿ ಆಗಿತ್ತು. ಗಂಟಲಮಾರಿ ಅಂತ ಊರೆಲ್ಲ ಹೇಳಿತು. ಗಂಟಲಲ್ಲಿ ಪೊರೆ ಕಟ್ಟುವ ಆ ರೋಗದ ಗುರುತನ್ನು ಯಾರೂ ನೋಡಿರಲಿಲ್ಲ. ಕಾರಣ ಸಿಕ್ಕಿತು ಅನ್ನುವ ನೆಮ್ಮದಿ ಜನಕ್ಕೆ ಸಾಕಾಗುತ್ತದೆ.

ನಿಜವಾದ ಕಾರಣ ನನಗೆ ಗೊತ್ತಾಗಿದ್ದು ಮುಂದಿನ ವರ್ಷ, ಗಿರಿಜಾ ಮತ್ತೆ ಬಸುರಿಯಾದಾಗ. ಸೂಜಿ ಹಾಕಿಸಿಕೊಳ್ಳಲು ನನ್ನ ಕೋಣೆಗೆ ಬಂದವಳು ತೋಳಿಗೆ ಹತ್ತಿ ಒತ್ತಿಕೊಂಡು ಕೂತೇ ಇದ್ದಳು. ಏನಮ್ಮ ಅಂದೆ.

'ದೀಪ ಹಚ್ಚೋ ಹೊತ್ತು. ಕೆಮ್ಮುತಿತ್ತು, ಅಳ್ತಿತ್ತು' ಅಂದಳು. 'ನಮ್ಮತ್ತೆ ಕೈಕಾಲು ಹಿಡ್ಕೊ ಅಂದ್ರು, ನಾನೇ ಹಿಡ್ಕೊಂಡೆ. ಬೆಟ್ಟು ಹಾಕಿದ್ರು. ಆಮ್ಯಾಕೆ ಅಳ್ಲಿಲ್ಲ.'

ಇಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಹೋದಳು. ನಾನು ಆ ದಿನ ಊಟ ಮಾಡಲಿಲ್ಲ. ಅವಳ ಗಂಡ ಶಿವಣ್ಣನ ಮೇಲೆ ಸಿಟ್ಟು, ರುದ್ರಮ್ಮನ ಮೇಲೆ ಸಿಟ್ಟು, ಮುಸಿಮುಸಿ ನಕ್ಕ ಹೆಂಗಸರ ಮೇಲೆ ಸಿಟ್ಟು, ಕ್ಯಾಂಪು ನಡೆಸಿದವರ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು.

ತಿಂಗಳ ಮೀಟಿಂಗಿನಲ್ಲಿ ಎದ್ದು ನಿಂತು ಈ ವಿಷಯ ಹೇಳಿದೆ. ಹಳ್ಳಿಹಳ್ಳಿಯಲ್ಲೂ ಕಿರುನಾಲಿಗೆ ಎತ್ತುವವರಿದ್ದಾರೆ, ಇದನ್ನು ನಿಲ್ಲಿಸಲು ಏನಾದರೂ ಮಾಡಬೇಕು ಅಂದೆ. ಮೇಲಧಿಕಾರಿಗಳು ಬಿಸ್ಕತ್ತು ತಿನ್ನುತ್ತಿದ್ದರು. 'ಇದು ಯಾವ ಕಾಲಮ್ಮಿಗೆ ಬರುತ್ತೇರೀ?' ಅಂದರು. ಯಾವ ಕಾಲಮ್ಮಿಗೂ ಬರುವುದಿಲ್ಲ ಅಂದೆ. 'ಬರದೇ ಇರೋದನ್ನ ತಂದು ಮೀಟಿಂಗ್ ಟೈಮ್ ಹಾಳು ಮಾಡ್ತೀರಲ್ಲ. ನಿಮ್ಮ ಕೇಸುಗಳೆಷ್ಟು, ಅದು ಹೇಳಿ.' ಸುತ್ತ ಕೂತವರು ತಲೆ ತಗ್ಗಿಸಿಕೊಂಡು ತಮ್ಮ ತಮ್ಮ ಲೆಕ್ಕ ನೋಡಿಕೊಂಡರು. ಡಾಕ್ಟರಮ್ಮ ಇದ್ದಿದ್ದರೆ ಬಿಸ್ಕತ್ತಿನ ತಟ್ಟೆಯೇ ಹಾರುತ್ತಿತ್ತು. ಅಷ್ಟರಲ್ಲಿ ಅವರಿಗೆ ವರ್ಗವಾಗಿತ್ತು.

ಅವರ ಜಾಗಕ್ಕೆ ಬಂದವರು ಹೊಸ ಡಾಕ್ಟರು, ಇಸ್ತ್ರಿ ಪ್ಯಾಂಟಿನ ಹುಡುಗ. ಕೆಟ್ಟವರಲ್ಲ. ಅವಸರದವರು. ಅವರು ಬಂದ ಹೊಸದರಲ್ಲೇ ಒಂದು ಮಗು ಬಂತು, ಅದೇ ಬೊಗಳುವ ಕೆಮ್ಮು, ಅದೇ ರಾಟೆಯ ಕೀರಲು. ನಾನು ಲಸಿಕೆ ಒಯ್ಯಲು ಹೋದವಳು ಅಲ್ಲೇ ಇದ್ದೆ. ಡಾಕ್ಟರು ಟಾರ್ಚು ಹಿಡಿದು, ಚಮಚ ತರಿಸಿ, ಮಗುವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಹಿಡಿದುಕೊಳ್ಳಿ ಅಂದರು. 'ಸಾರ್, ಬೇಡಿ. ಗಂಟಲಿಗೆ ಏನೂ ಹಾಕಬಾರದು ಅಂತ ಡಾಕ್ಟರಮ್ಮ ಹೇಳಿದ್ದರು' ಅಂದೆ. 'ಒಳಗೆ ನೋಡದೆ ಏನು ಅಂತ ಹೇಗೆ ಹೇಳಲಿ?' ಅಂದರು. ಚಮಚ ಹೋಯಿತು. ಮಗುವಿನ ಕಿರುಚಾಟ ಅರ್ಧಕ್ಕೇ ನಿಂತು ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಡಾಕ್ಟರೂ ಬೆವತರು. ತಾಯಿ ಮಗುವನ್ನು ಕಸಿದುಕೊಂಡು ಎದೆಗೆ ನೆಟ್ಟಗೆ ಒರಗಿಸಿಕೊಂಡಳು, ಆ ದೇವರಂಥ ಹೆಂಗಸಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಉಸಿರು ತಿರುಗಿತು. ರಸ್ತೆಯಲ್ಲಿ ಹೋಗುತ್ತಿದ್ದ ಕಾಯಿ ಲಾರಿ ನಿಲ್ಲಿಸಿ ತಿಪಟೂರಿಗೆ ಕಳಿಸಿದೆವು. ಮಗು ಬದುಕಿತು.

ರುದ್ರಮ್ಮನ ಹೆಬ್ಬೆರಳಿಗೂ ಈ ಚಮಚಕ್ಕೂ ಏನು ವ್ಯತ್ಯಾಸ ಅಂತ ನನ್ನನ್ನು ಕೇಳಿದರೆ, ಹೆಬ್ಬೆರಳಿಗೆ ಮೆಣಸು ಹಚ್ಚಿರುತ್ತಿತ್ತು, ಅಷ್ಟೇ. ಎಲ್ಲರಿಗೂ ಒಳಗೆ ನೋಡಬೇಕು, ಒಳಗೆ ಕೈ ಹಾಕಬೇಕು, ಏನಾದರೂ ಮಾಡಿದೆ ಅನ್ನಿಸಿಕೊಳ್ಳಬೇಕು. ಸುಮ್ಮನೆ ಕೂತು ಮಗುವಿನ ಉಸಿರು ನೋಡುತ್ತಾ ಕಾಯುವುದನ್ನು ಯಾರೂ ಕೆಲಸ ಅಂತ ಒಪ್ಪುವುದಿಲ್ಲ.

ಹಬೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪಾತ್ರೆಯಲ್ಲಿ ನೀರು ಕುದಿಸಿ ಹೊದಿಕೆಯೊಳಗೆ ಹಬೆ ಕೊಡಿ ಅಂತ ನಮಗೆ ಕಲಿಸಿದ್ದರು, ನಾವೂ ಮನೆಮನೆಗೆ ಕಲಿಸಿದೆವು. ಹಾಲ್ಕುರಿಕೆ ಕಡೆಯ ಒಂದು ಮನೆಯಲ್ಲಿ ಹೊದಿಕೆಯೊಳಗೆ ಮಗು ಕಾಲಾಡಿಸಿ ಕುದಿನೀರು ತೊಡೆಯ ಮೇಲೆ ಬಿತ್ತು. ಕೆಮ್ಮು ಹೋಗಿ ಸುಟ್ಟಗಾಯ ಉಳಿಯಿತು. ಅಲ್ಲಿನ ನರ್ಸು ನನ್ನ ಜೊತೆ ಟ್ರೈನಿಂಗ್ ಆದವಳು. ಸರಿಯಾಗಿ ಹೇಳಿಕೊಡಲಿಲ್ಲ ಅಂತ ಅವಳಿಗೇ ಮೆಮೊ ಬಂತು. ಎಷ್ಟೋ ವರ್ಷ ಕಳೆದ ಮೇಲೆ ಬೇರೊಬ್ಬ ಡಾಕ್ಟರು ಕ್ಲಾಸಿನಲ್ಲಿ ನಿಂತು, ಕ್ರೂಪಿಗೆ ಹಬೆಯಿಂದ ಅಂಥ ಪ್ರಯೋಜನವೇನೂ ಇಲ್ಲ, ಬಿಟ್ಟುಬಿಡಿ ಅಂದರು. ಬಿಟ್ಟೆವು. ಸುಟ್ಟ ತೊಡೆಗೆ ಜವಾಬು ಯಾರದು ಅಂತ ಕೇಳಲು ಕೈ ಎತ್ತಿದೆ, ಊಟದ ಹೊತ್ತಾಯಿತು ಅಂದರು. ಈಗ ಒಂದು ಡೋಸು ಔಷಧಿ ಬಂದಿದೆ, ಬಾಯಿಗೆ ಹಾಕಿದರೆ ಊತ ಇಳಿಯುತ್ತದೆ. ನೀವು ಅದೃಷ್ಟವಂತರು. ಆದರೂ ಮಗುವನ್ನು ಅಳಿಸದೆ ಕೂರಿಸುವುದನ್ನು ಯಾವ ಬಾಟಲಿಯಲ್ಲೂ ತುಂಬಿ ಕಳಿಸುವುದಿಲ್ಲ, ಅದನ್ನು ನೀವೇ ಮಾಡಬೇಕು.

ಹಬೆಗೆ ಅಷ್ಟು ವರ್ಷ ಹೆಸರು ಹೇಗೆ ಬಂತು ಗೊತ್ತೇ? ರುದ್ರಮ್ಮನಿಗೆ ಬಂದ ಹಾಗೇ. ಈ ಕಾಯಿಲೆ ಸಾಮಾನ್ಯವಾಗಿ ಬೆಳಗಾಗುವಷ್ಟರಲ್ಲಿ ತಾನೇ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಎದುರಿಗೆ ಯಾರಿದ್ದರೋ ಅವರೇ ವಾಸಿ ಮಾಡಿದವರು. ಕತ್ತಲಲ್ಲಿ ಬೊಗಳಿದ ಮಗುವನ್ನು ಬೆಳಿಗ್ಗೆ ರುದ್ರಮ್ಮನ ಜಗಲಿಗೆ ತಂದರೆ ಊತ ಆಗಲೇ ಅರ್ಧ ಇಳಿದಿರುತ್ತಿತ್ತು. ಬದುಕಿದ ಮಕ್ಕಳೆಲ್ಲ ಆಕೆಯ ಲೆಕ್ಕಕ್ಕೆ, ಸತ್ತವರು ಗಂಟಲಮಾರಿಯ ಲೆಕ್ಕಕ್ಕೆ.

ಗಿರಿಜಾಗೆ ಎರಡನೆಯದು ಹೆಣ್ಣಾಯಿತು, ಚಂದ್ರಿ. ಹೆರಿಗೆ ನಾನೇ ಮಾಡಿಸಿದೆ. ಆಮೇಲೆ ಲಸಿಕೆಯ ನೆಪದಲ್ಲಿ ಹೋದಾಗಲೆಲ್ಲ, ಅತ್ತೆ ತೋಟದ ಕಡೆ ಹೋಗಿದ್ದಾಗ, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ನೆಟ್ಟಗೆ ಕೂರಿಸು, ಅಳಿಸಬೇಡ, ಹೊಗೆಯಲ್ಲಿ ಇಡಬೇಡ, ಬಾಯಿಗೆ ಬೆರಳು ಬೇಡ. ಅವಳು ಹೂಂ ಅನ್ನುತ್ತಿದ್ದಳು. ಅತ್ತೆಯ ಎದುರು ತಲೆ ಎತ್ತದ ಹುಡುಗಿ, ಇವಳೇನು ಮಾಡಿಯಾಳು ಅಂದುಕೊಂಡಿದ್ದೆ.

ಚಂದ್ರಿಗೆ ಎರಡು ತುಂಬಿ ಕೆಲವು ತಿಂಗಳಾಗಿತ್ತು. ಮಾಗಿಯ ಒಂದು ಸಂಜೆ, ದನಗಳು ಮನೆಗೆ ಬರುವ ಹೊತ್ತು, ಪಕ್ಕದ ಮನೆಯವಳು ಓಡಿಬಂದು, 'ನರ್ಸಮ್ಮ, ತ್ವಾಟದ್ ಮನೇಲಿ ಗಲಾಟೆ ಆಗ್ತೈತೆ, ಬಿರ್ನೆ ಬನ್ನಿ' ಅಂದಳು. ಚೀಲ ತೆಗೆದುಕೊಂಡು ಓಡಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ, ಆ ಹೆಬ್ಬೆರಳು ನನಗಿಂತ ಮುಂಚೆ ತಲುಪಿಬಿಟ್ಟಿದೆಯೇನೋ.

ಅಂಗಳದ ತುಂಬ ಜನ. ಮನೆಯ ಮುಂಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು, ಒಳಗಿನಿಂದ ರುದ್ರಮ್ಮ ಬಾಗಿಲು ಗುದ್ದುತ್ತಿದ್ದಳು. ಬಾಗಿಲಿಗೆ ಬೆನ್ನು ಕೊಟ್ಟು ಗಿರಿಜಾ ಜಗಲಿಯಲ್ಲಿ ಕೂತಿದ್ದಳು. ಚಂದ್ರಿ ಅವಳ ತೊಡೆಯ ಮೇಲೆ ನೆಟ್ಟಗೆ, ತಲೆ ತಾಯಿಯ ಭುಜಕ್ಕೆ. ಮಗು ಕೆಮ್ಮಿತು, ಬೊಗಳುವ ಸದ್ದು. ಉಸಿರು ಎಳೆದಾಗ ಕೀರಲು.

'ಚಿಲುಕ ತಗೀ ಗಿರಿಜಾ. ಮಗೀಗೆ ಏನಾದ್ರೂ ಆದ್ರೆ ನಿನ್ನ ಸುಮ್ನೆ ಬುಡಾಕಿಲ್ಲ ಕಣೇ' ಅಂತ ಒಳಗಿಂದ ರುದ್ರಮ್ಮ.

ಗಿರಿಜಾ ಮಗುವಿನ ಬೆನ್ನು ಸವರುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ, ಮಗುವಿನ ತುಟಿ ನೋಡಿದೆ, ಪಕ್ಕೆ ನೋಡಿದೆ. ಪಕ್ಕೆ ಸ್ವಲ್ಪ ಒಳಕ್ಕೆ ಹೋಗುತ್ತಿತ್ತು. ತುಟಿ ಕೆಂಪಗೇ ಇತ್ತು, ಜೊಲ್ಲಿರಲಿಲ್ಲ. ಆಗ ನಮ್ಮ ಕೈಯಲ್ಲಿದ್ದದ್ದು ಹಬೆಯ ಪಾಠ, ಅದಕ್ಕೆ, 'ಒಳಗೆ ನೀರು ಕಾಯಿಸಿಕೊಂಡು ಹಬೆ ಕೊಡೋಣ' ಅಂದೆ.

'ಒಳೀಕೆ ಬರಾಕಿಲ್ಲ' ಅಂದಳು ಗಿರಿಜಾ. ಇಡೀ ಸಂಜೆ ಅವಳು ಆಡಿದ್ದು ಅದೊಂದೇ ಮಾತು.

ಸರಿ ಅಂದೆ. ಎದ್ದು ನಿಂತು ಅಂಗಳದ ಜನಕ್ಕೆ ಬೈದೆ. ಎಂಥ ಬೈಗುಳ ಅಂದರೆ, ಡಾಕ್ಟರಮ್ಮನೇ ನನ್ನ ಮೈಮೇಲೆ ಬಂದಿದ್ದರು ಅನ್ನಬೇಕು. ಜನ ಬೇಲಿಯಾಚೆ ಸರಿದರು. ಅಷ್ಟರಲ್ಲಿ ತೋಟದಿಂದ ಶಿವಣ್ಣ ಬಂದ. ಅಮ್ಮನ ಗುದ್ದಾಟ ಕೇಳಿ ನೇರ ಚಿಲಕಕ್ಕೆ ಕೈ ಹಾಕಲು ಹೋದ.

'ಮುಟ್ಟಬೇಡ' ಅಂದೆ.

'ನಮ್ಮವ್ವನ್ನ ಕೂಡಾಕವ್ಳಲ್ರೀ ಇವ್ಳು.'

'ಹಾಕಲಿ. ಒಂದು ಮಗು ಮಣ್ಣಿಗೆ ಕೊಟ್ಟಿದ್ದೀಯ, ಇನ್ನೊಂದನ್ನೂ ಕೊಡಬೇಕು ಅಂತಿದ್ದರೆ ತೆಗಿ. ಇಲ್ಲದಿದ್ದರೆ ಹೋಗಿ ಕಾಯಿ ತುಂಬೋ ಲಾರಿಯವನನ್ನು ನಿಲ್ಲಿಸಿಕೊಂಡಿರು. ತುಟಿ ನೀಲಿಗೆ ತಿರುಗಿದರೆ ಆ ಕ್ಷಣವೇ ತಿಪಟೂರಿಗೆ ಹೊರಡಬೇಕು.'

ಅವನು ಬಾಗಿಲು ನೋಡಿದ, ಹೆಂಡತಿಯನ್ನು ನೋಡಿದ. ನಂಜುಂಡಿ ಹೇಗೆ ಹೋದ ಅನ್ನುವುದು ಅವನಿಗೂ ಗೊತ್ತಿತ್ತು ಅಂತ ನನಗೆ ಆಗ ಅರ್ಥವಾಯಿತು. ಗೊತ್ತಿದ್ದೂ ಇಷ್ಟು ದಿನ ಅಟ್ಟಕ್ಕೆ ಕಾಯಿ ಹೊರಿಸುತ್ತಾ ಸುಮ್ಮನಿದ್ದ. ಅವನು ಲಾರಿ ಹುಡುಕಿಕೊಂಡು ಹೋದ.

ಮಾಗಿಯ ಗಾಳಿ ತಣ್ಣಗೆ ಬೀಸುತ್ತಿತ್ತು. ಗಿರಿಜಾ ಸೆರಗನ್ನು ಮಗುವಿನ ಮೈಗೆ ಸುತ್ತಿ, ಮುಖ ಮಾತ್ರ ಗಾಳಿಗೆ ಬಿಟ್ಟಿದ್ದಳು. ಕಿವಿಯ ಹತ್ತಿರ ಏನೋ ಗುನುಗುತ್ತಿದ್ದಳು. ನಾನು ಪಕ್ಕೆ ನೋಡುತ್ತಾ ಕೂತಿದ್ದೆ. ನೋಡುವುದು ಬಿಟ್ಟು ನನ್ನಿಂದ ಏನೂ ಆಗುವಂತಿರಲಿಲ್ಲ. ಒಳಗೆ ರುದ್ರಮ್ಮ ಗುದ್ದಿ ಗುದ್ದಿ ಸುಸ್ತಾಗಿ ಅಳತೊಡಗಿದಳು. 'ನನ್ ಮೊಮ್ಮಗ ಹೋದ, ಇದೂ ಹೋಯ್ತದೆ' ಅನ್ನುತ್ತಿದ್ದಳು. ಆಕೆಗೆ ಪ್ರೀತಿ ಇರಲಿಲ್ಲ ಅನ್ನಲಾರೆ. ಇತ್ತು, ಅದೇ ನನ್ನ ಸಿಟ್ಟು. ಅಷ್ಟು ಪ್ರೀತಿ ಇಟ್ಟುಕೊಂಡು ಆ ಬೆರಳನ್ನು ಇಟ್ಟುಕೊಂಡಿದ್ದಳು.

ಮಗುವಿನ ಕೀರಲು ನಿಧಾನಕ್ಕೆ ಸಣ್ಣದಾಯಿತು, ಆಮೇಲೆ ಅತ್ತಾಗ ಮಾತ್ರ ಕೇಳುತ್ತಿತ್ತು, ಆಮೇಲೆ ಮಗು ತಾಯಿಯ ಭುಜದ ಮೇಲೆ ನಿದ್ದೆ ಹೋಯಿತು. ಲಾರಿಯ ಅಗತ್ಯ ಬೀಳಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೆ ಇಷ್ಟು ಸಿಟ್ಟಿರುತ್ತಿರಲಿಲ್ಲ. ಬೆಳಿಗ್ಗೆ ನಾನು ನನ್ನ ಕೋಣೆಗೆ ಹೋದ ಮೇಲೆ ಶಿವಣ್ಣ ಚಿಲಕ ತೆಗೆದ. ಗಿರಿಜಾಗೆ ಕೂತಲ್ಲೇ ಜೊಂಪು ಹತ್ತಿತ್ತು. ರುದ್ರಮ್ಮ ಬಂದವಳೇ ತೊಡೆಯ ಮೇಲಿಂದ ಮಗುವನ್ನು ಎತ್ತಿಕೊಂಡು ಬೆರಳು ಹಾಕಿ ಕಿರುನಾಲಿಗೆ ಎತ್ತಿಯೇಬಿಟ್ಟಳು. ಊತ ಇಳಿದಿತ್ತು, ಮಗು ಕಿರುಚಿ ವಾಂತಿ ಮಾಡಿ ಸುಮ್ಮನಾಯಿತು. ಮಧ್ಯಾಹ್ನದ ಹೊತ್ತಿಗೆ ಊರಿನ ತುಂಬ ಒಂದೇ ಮಾತು, ಸೊಸೆ ಕೊಲ್ಲಕ್ಕಿದ್ದ ಮಗೀನ ಅತ್ತೆ ಬದುಕಿಸಿದ್ಲು ಅಂತ. ಅತ್ತೆಯನ್ನು ಕೂಡಿಹಾಕಿದ ತಪ್ಪಿಗೆ ಗಿರಿಜಾಳನ್ನು ಮಗುವಿನ ಸಮೇತ ತವರಿಗೆ ಕಳಿಸಿದರು. ಮುಂಗಾರು ಬಿದ್ದ ಮೇಲೆ, ಕೆಲಸಕ್ಕೆ ಕೈ ಸಾಲದಾದಾಗ, ಕರೆದುಕೊಂಡು ಬಂದರು. ನಾನು ಆ ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟೆ. ಅದರಿಂದ ಅವರಿಗೇನೂ ನಷ್ಟವಾಗಲಿಲ್ಲ.

ಆಮೇಲೆ ನನಗೆ ಚಿಕ್ಕನಾಯಕನಹಳ್ಳಿ ಕಡೆಗೆ ವರ್ಗವಾಯಿತು. ರುದ್ರಮ್ಮ ತೀರಿಕೊಂಡ ಸುದ್ದಿ ಸಂತೆಯಲ್ಲಿ ಸಿಕ್ಕ ಯಾರೋ ಹೇಳಿದರು. ಅಬ್ಬಾ, ಆ ಬೆರಳಿನ ಕಾಟ ತಪ್ಪಿತು ಅಂದುಕೊಂಡೆ. ಸತ್ತವರ ಬಗ್ಗೆ ಹಾಗೆ ಅಂದುಕೊಳ್ಳಬಾರದು ಅನ್ನುವವರು ಅನ್ನಲಿ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಲಸಿಕೆಯ ಕೆಲಸಕ್ಕೆ ಸುತ್ತಲಿನ ಊರುಗಳಿಗೆ ನಮ್ಮನ್ನು ಹಂಚಿ ಹಾಕಿದಾಗ ಮತ್ತೆ ಆ ಊರಿಗೆ ಹೋದೆ. ಬೆಳಗಿನ ಮೊದಲ ಬಸ್ಸಿಳಿದು ತೋಟದ ದಾರಿಯಲ್ಲಿ ಬರುತ್ತಿದ್ದೇನೆ, ಅದೇ ಮನೆಯ ಜಗಲಿಯಲ್ಲಿ ಹೆಂಗಸರ ಸಾಲು. ಕಂಕುಳಲ್ಲಿ ಮಕ್ಕಳು. ಎದುರಿಗೆ ಗಿರಿಜಾ, ಪಕ್ಕದಲ್ಲಿ ಎಣ್ಣೆ ಬಟ್ಟಲು, ಮೆಣಸಿನ ಪುಡಿ.

ನನಗೆ ಮೈಯೆಲ್ಲ ಉರಿದುಹೋಯಿತು. ಚೀಲವನ್ನು ಜಗಲಿಯ ಮೇಲೆ ಕುಕ್ಕಿದೆ.

'ನೀನೂ ಶುರು ಮಾಡಿದೆಯಾ? ನಾಚಿಕೆ ಆಗಲ್ವಾ ನಿನಗೆ? ಯಾರ ಕೈಯಲ್ಲಿ ಏನು ಕಳಕೊಂಡೆ ಅನ್ನೋದು ಮರೆತುಹೋಯ್ತಾ?'

ಹೆಂಗಸರು ಗಾಬರಿಯಾಗಿ ನನ್ನನ್ನು ನೋಡಿದರು. ಗಿರಿಜಾಳ ಮುಖದಲ್ಲಿ ಏನೂ ಬದಲಾಗಲಿಲ್ಲ. 'ಕೂತ್ಕಳಿ ನರ್ಸಮ್ಮ' ಅಂದಳು, ತನ್ನ ಪಾಡಿಗೆ ಮುಂದಿನ ಮಗುವನ್ನು ಕರೆದಳು.

ಕೈಕಾಲು ಯಾರೂ ಹಿಡಿಯಲಿಲ್ಲ. ಮಗು ತಾಯಿಯ ತೊಡೆಯ ಮೇಲೆ ನೆಟ್ಟಗೆ ಕೂತಿತ್ತು. ಗಿರಿಜಾ ಹೆಬ್ಬೆರಳನ್ನು ಎಣ್ಣೆಗೆ ಅದ್ದಿದಳು, ಮೆಣಸಿಗೆ ತೋರಿಸಿದಳು, ಮುಟ್ಟಿಸಲಿಲ್ಲ. ಆ ಬೆರಳನ್ನು ಮಗುವಿನ ಗಲ್ಲದ ಕೆಳಗೆ, ಹೊರಗಡೆಯಿಂದ, ಮೆಲ್ಲಗೆ ಇಟ್ಟಳು. ಇನ್ನೊಂದು ಕೈಯಲ್ಲಿ ನೆತ್ತಿಯ ಕೂದಲನ್ನು ಸ್ವಲ್ಪ ಮೇಲಕ್ಕೆತ್ತಿ ಬಾಯಲ್ಲಿ ಟಪ್ ಅಂತ ಸದ್ದು ಮಾಡಿದಳು. ಮಗು ನಕ್ಕಿತು.

'ಎದ್ದೈತೆ' ಅಂದಳು. 'ಈಗ ಪಥ್ಯ ಕೇಳಿಸ್ಕೊ. ಇನ್ನು ಯಾರೂ ಇದರ ಬಾಯಾಗೆ ಬೆಟ್ಟು ಇಕ್ಕಂಗಿಲ್ಲ, ಇಕ್ಕಿದ್ರೆ ಎತ್ತಿದ್ದು ಬಿದ್ದೋಯ್ತದೆ. ಅಟ್ಟದ್ ಕೆಳ್ಗೆ ಹೊಗೇಲಿ ಮಲಗಿಸ್ಬ್ಯಾಡ. ನಾಯಿ ಥರ ಕೆಮ್ಮಿದ್ರೆ ಆಚೆ ಜಗಲೀಲಿ ತೊಡೆ ಮ್ಯಾಲೆ ನೆಟ್ಟಗೆ ಕೂರಿಸ್ಕೊ, ಅಳಿಸ್ಬ್ಯಾಡ. ತುಟಿ ನೀಲಿ ಆದ್ರೆ ನನ್ ತಾವ ಬರ್ಬ್ಯಾಡ, ತಿಪಟೂರಿಗೋಗು. ಪಥ್ಯ ತಪ್ಪುದ್ರೆ ನಾನು ಜವಾಬ್ದಾರಿ ಅಲ್ಲ.'

'ಆಯ್ತು ಕಣವ್ವ' ಅಂದಳು ಆ ಹೆಂಗಸು, ದೇವರ ಮುಂದೆ ನಿಂತವಳ ಹಾಗೆ.

ಹೆಚ್ಚುಕಡಿಮೆ ಡಾಕ್ಟರಮ್ಮನದೇ ಮಾತು, ಹಬೆಯೊಂದನ್ನು ಬಿಟ್ಟು. ನಾನು ಎಷ್ಟೋ ವರ್ಷ ಮನೆಮನೆ ಬಾಗಿಲಲ್ಲಿ ಗಂಟಲು ಹರಿದುಕೊಂಡು ಹೇಳಿ ನಗೆಪಾಟಲಾದ ಮಾತು. ಇಲ್ಲಿ ಪಥ್ಯ ಅನ್ನಿಸಿಕೊಂಡು ಎಲ್ಲರ ತಲೆಗೆ ಹತ್ತುತ್ತಿತ್ತು. ನನಗೆ ಖುಷಿಯಾಗಬೇಕಿತ್ತು. ಅದರ ಬದಲು ಇನ್ನಷ್ಟು ಸಿಟ್ಟು ಬಂತು. ನಿಜವನ್ನು ನೇರವಾಗಿ ಹೇಳಿದರೆ ಕೇಳದ ಈ ಜನ, ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟುಕೊಂಡು ಹೇಳಿದರೆ ಕೈ ಮುಗಿಯುತ್ತಾರಲ್ಲ ಅಂತ.

ಸಾಲು ಕರಗಿದ ಮೇಲೆ ಕೇಳಿದೆ, 'ಎತ್ತೋದೇ ಇಲ್ಲ ಅಂತ ಹೇಳಿ ಕಳಿಸಬಹುದಿತ್ತಲ್ಲ?'

'ಕಳಿಸ್ದೆ, ಮೊದ್ಲು ಮೊದ್ಲು' ಅಂದಳು. 'ಇಲ್ಲಿಂದ ಎದ್ದು ಮುಂದ್ಲೂರಿಗೋಗಿ ಬೆಟ್ಟು ಹಾಕಿಸ್ಕೊಂಬತ್ತಿದ್ರು. ನನ್ ತಾವ ಬಂದ್ರೆ ಬಾಯಿಗೆ ಬೆಟ್ಟು ಹಾಕೋರಿಲ್ಲ. ಎಲ್ರೂ ನಾನು ಎತ್ತೋ ಕೂದ್ಲು ನೋಡ್ತಾರೆ ಕಣ್ರೀ, ಬೆಟ್ಟು ಎಲ್ಲೈತೆ ಅಂತ ಯಾರೂ ನೋಡಾಕಿಲ್ಲ.'

ಒಳಗಿನಿಂದ ಚಂದ್ರಿ ಬಂದಳು, ಎರಡು ಜಡೆ, ಸ್ಕೂಲಿನ ನೀಲಿ ಲಂಗ. ಅಮ್ಮನ ಪಕ್ಕದಿಂದ ಎಣ್ಣೆ ಬಟ್ಟಲು ತೆಗೆದುಕೊಂಡು ಹೋಗಿ ಗೂಡಿನಲ್ಲಿಟ್ಟಳು. ಗಿರಿಜಾ ಸೆರಗಿನ ತುದಿಯಿಂದ ಹೆಬ್ಬೆರಳಿನ ಎಣ್ಣೆ ಒರೆಸಿಕೊಂಡಳು. ಒರೆಸಿದ ಮೇಲೂ ಒರೆಸುತ್ತಲೇ ಇದ್ದಳು.

'ನಂಜುಂಡಿಗೆ ಇಷ್ಟೇ ಸಾಕಾಗ್ತಿತ್ತು, ನರ್ಸಮ್ಮ' ಅಂದಳು.

ಅವತ್ತು ಆ ಮನೆಯಲ್ಲಿ ನೀರು ಕೇಳಿ ಕುಡಿದೆ.